ಬಾಗಿಲು ತೆರೆಯುವ ವೇಳೆ

ಪ್ಲೇಗು ರೋಗವು ಕನ್ನಡ ನಾಡನ್ನು ಪೀಡಿಸುತ್ತಿದ್ದ ಕಾಲದಲ್ಲಿ, ಮನೆಯ ಮೂಲೆಯಲ್ಲಿ ಇಲಿ ಸತ್ತುಬಿದ್ದಿತೆಂದರೆ ಊರಿಗೆ ಊರೇ ಬರಿದಾಗುತ್ತಿತ್ತು. ಜನರು ಮಡಕೆ ಕುಡಿಕೆ, ಕಾಳುಕಡ್ಡಿ, ದನಕರುಗಳೊಡನೆ ಊರ ಹೊರಗಿನ ಹೊಲತೋಟಗಳಿಗೆ ಹೋಗಿ, ಗುಡಿಸಲುಗಳನ್ನು ಕಟ್ಟಿಕೊಂಡು ದಿನ ದೂಡುತ್ತಿದ್ದರು. ಊರು ಬಿಡುವ ವಿಷಯದಲ್ಲಿ ಹೆಚ್ಚಿನ ಚರ್ಚೆಗೆ ಅವಕಾಶವಿರುತ್ತಿರಲಿಲ್ಲ. ಭಯವೇ ಎಲ್ಲರನ್ನೂ ಒಂದುಗೂಡಿಸುತ್ತಿತ್ತು. ಕಷ್ಟದ ಪ್ರಶ್ನೆ ಹುಟ್ಟುತ್ತಿದ್ದುದು ಅನಂತರ. ಊರಿಗೆ ಹಿಂತಿರುಗುವುದು ಯಾವಾಗ? ಬೇಗನೆ ಹಿಂತಿರುಗಿದರೆ ರೋಗಕ್ಕೆ ತುತ್ತಾಗುವ ಅಂಜಿಕೆ. ತಡಮಾಡಿದರೆ ಮಳೆ, ಚಳಿ, ಹಾವು ಚೇಳುಗಳ ಕಾಟ, ಕಸುಬಿನ ನಷ್ಟ. ರೋಗದಿಂದ ತಪ್ಪಿಸಿಕೊಳ್ಳಲು ಬಾಗಿಲು ಮುಚ್ಚುವುದಕ್ಕಿಂತ, ಮುಚ್ಚಿದ ಬಾಗಿಲನ್ನು ಸಕಾಲದಲ್ಲಿ ತೆರೆಯುವುದಕ್ಕೆ ಹೆಚ್ಚಿನ ವಿವೇಕ ಬೇಕು.

ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಇದೇ ಪ್ರಶ್ನೆ ಇಡೀ ಜಗತ್ತಿನ ಮುಂದೆ ಬಂದು ನಿಂತಿತು. ಕೋವಿಡ್-೧೯ ಎಂಬ ಹೊಸ ರೋಗದ ಮೊದಲ ಪ್ರಕರಣವು ಭಾರತದಲ್ಲಿ ೨೦೨೦ರ ಜನವರಿ ೩೦ರಂದು ಕೇರಳದಲ್ಲಿ ಪತ್ತೆಯಾಯಿತು. ಮಾರ್ಚ್ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಗದ್ವ್ಯಾಪಿ ಸಾಂಕ್ರಾಮಿಕವೆಂದು ಕರೆಯಿತು. ಈ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಕರ್ನಾಟಕದ ಕಲಬುರಗಿಯದು. ಮಾರ್ಚ್ ೨೪ರ ರಾತ್ರಿ ಎಂಟು ಗಂಟೆಗೆ ಪ್ರಕಟವಾದ ಆದೇಶದಂತೆ, ಅಂದಿನ ನಡುರಾತ್ರಿಯಿಂದಲೇ ಇಡೀ ದೇಶದಲ್ಲಿ ಇಪ್ಪತ್ತೊಂದು ದಿನಗಳ ಲಾಕ್‌ಡೌನ್ ಜಾರಿಗೆ ಬಂದಿತು. ರೈಲುಗಳು ನಿಂತವು, ಅಂಗಡಿ, ಕಾರ್ಖಾನೆ, ಶಾಲೆ, ದೇವಾಲಯಗಳು ಮುಚ್ಚಿದವು. ಆ ಅವಧಿಯು ಮೂರು ಬಾರಿ ವಿಸ್ತರಣೆಗೊಂಡು ಮೇ ೩೧ರವರೆಗೆ ಮುಂದುವರಿಯಿತು.

ಇಂತಹ ಕಠಿಣ ಕ್ರಮದ ಹಿಂದಿದ್ದ ತರ್ಕವನ್ನು ಮೊದಲು ತಿಳಿಯಬೇಕು. ಒಬ್ಬ ರೋಗಿಯಿಂದ ಇಬ್ಬರಿಗೆ, ಆ ಇಬ್ಬರಿಂದ ನಾಲ್ವರಿಗೆ, ನಾಲ್ವರಿಂದ ಎಂಟು ಮಂದಿಗೆ ರೋಗ ಹರಡುತ್ತದೆಯೆಂದು ಭಾವಿಸಿದರೆ, ಹತ್ತನೆಯ ಸುತ್ತಿನಲ್ಲಿ ಹೊಸ ರೋಗಿಗಳ ಸಂಖ್ಯೆ ಸಾವಿರವನ್ನು ದಾಟುತ್ತದೆ. ಅದೇ ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಕಡಿಮೆ ಜನರಿಗೆ ಹರಡುವಂತಾದರೆ ರೋಗವು ತಾನಾಗಿ ಇಳಿಮುಖವಾಗುತ್ತದೆ. ಜನರು ಪರಸ್ಪರ ಸಂಧಿಸುವುದನ್ನು ತಡೆಯುವ ಉದ್ದೇಶ ಇದೇ ಆಗಿದೆ. ಆದರೆ ನಿರ್ಬಂಧವು ರೋಗಕ್ಕೆ ಔಷಧವಲ್ಲ. ಅದು ಗಳಿಸಿಕೊಡುವುದು ಸಮಯವನ್ನು ಮಾತ್ರ. ಆ ಸಮಯದಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆಗಳನ್ನೂ ಆಮ್ಲಜನಕವನ್ನೂ ಸಿದ್ಧಪಡಿಸಿಕೊಂಡರೆ, ಲಸಿಕೆಯನ್ನು ಕಂಡುಹಿಡಿದರೆ, ಆ ನಿರ್ಬಂಧ ಸಾರ್ಥಕ. ಇಲ್ಲವಾದರೆ ಅದು ಮನೆಗೆ ಬೆಂಕಿ ಬೀಳುವ ತನಕ ಬಾವಿ ತೋಡದೆ ಕುಳಿತಂತೆ.

ನಿರ್ಬಂಧಗಳನ್ನು ಬೇಗನೆ ಸಡಿಲಿಸಬೇಕೆಂದು ವಾದಿಸಿದವರ ಕಣ್ಣ ಮುಂದೆ ಇದ್ದುದು ಹೆದ್ದಾರಿಗಳ ದೃಶ್ಯ. ಕೂಲಿ ನಿಂತುಹೋಗಿ, ಬಾಡಿಗೆ ಕೊಡಲಾರದೆ, ನಗರಗಳನ್ನು ತೊರೆದ ಕಾರ್ಮಿಕರು ಹೆಂಡಿರು ಮಕ್ಕಳೊಡನೆ ನೂರಾರು ಮೈಲಿ ನಡೆದು ಊರು ಸೇರಲು ಹೊರಟಿದ್ದರು. ಅವರಿಗಾಗಿ ವಿಶೇಷ ರೈಲುಗಳು ಓಡಲಾರಂಭಿಸಿದುದು ಮೇ ೧ರಿಂದ. ಇತ್ತ ಕರ್ನಾಟಕದಲ್ಲಿ ಮದುವೆ, ಜಾತ್ರೆ, ಉತ್ಸವಗಳೆಲ್ಲ ನಿಂತುದರಿಂದ ಹೂವಿನ ಬೆಳೆಗಾರರು ಅರಳಿದ ಹೂವನ್ನು ಹೊಲದಲ್ಲಿಯೇ ಬಿಡಬೇಕಾಯಿತು. ಅಂದಂದಿನ ದುಡಿಮೆಯನ್ನು ನಂಬಿದ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು. ರೋಗದಿಂದ ಸಾಯುವವರನ್ನು ಲೆಕ್ಕ ಹಾಕುವ ಸರ್ಕಾರ, ಹಸಿವಿನಿಂದ ಬಳಲುವವರನ್ನು ಲೆಕ್ಕ ಹಾಕಬೇಡವೇ ಎಂಬುದು ಇವರ ಪ್ರಶ್ನೆ. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೆ?’ ಎಂಬ ಗಾದೆಯಂತೆ, ಜಗತ್ತಿಗೆ ಬಂದ ರೋಗವು ಹೇಗಿದ್ದರೂ ಬಂದೇ ಬರುತ್ತದೆ. ಅದಕ್ಕಾಗಿ ಬಾಳನ್ನೇ ನಿಲ್ಲಿಸುವುದು ಸರಿಯಲ್ಲ ಎಂದು ಇವರು ಹೇಳಿದರು.

ನಿರ್ಬಂಧಗಳು ಮುಂದುವರಿಯಬೇಕೆಂದವರ ಮಾತಿನಲ್ಲಿಯೂ ಅಷ್ಟೇ ಹುರುಳಿತ್ತು. ರೋಗ ಬರುವುದು ತಪ್ಪದೆಂದು ಒಪ್ಪಿದರೂ, ಎಲ್ಲರಿಗೂ ಏಕಕಾಲದಲ್ಲಿ ಬರುವುದಕ್ಕೂ, ನಿಧಾನವಾಗಿ ಬರುವುದಕ್ಕೂ ಬಹಳ ವ್ಯತ್ಯಾಸವುಂಟು. ನೂರು ಹಾಸಿಗೆಗಳ ಆಸ್ಪತ್ರೆಗೆ ಒಂದೇ ದಿನ ಸಾವಿರ ಮಂದಿ ಬಂದರೆ, ಬದುಕಬಹುದಾಗಿದ್ದವರೂ ಬದುಕಲಾರರು. ಅಪಘಾತಕ್ಕೀಡಾದವರು, ಹೆರಿಗೆಗೆ ಬಂದ ಹೆಂಗಸರು, ಹೃದ್ರೋಗಿಗಳು ಕೂಡ ಚಿಕಿತ್ಸೆಯಿಲ್ಲದೆ ನರಳಬೇಕಾಗುತ್ತದೆ. ಜೀವವಿದ್ದರೆ ಕಳೆದುಹೋದ ಸಂಪತ್ತನ್ನು ಮರಳಿ ಗಳಿಸಬಹುದು. ಹೋದ ಜೀವವನ್ನು ಯಾವ ಸರ್ಕಾರವೂ ಮರಳಿಸಲಾರದು ಎಂಬುದು ಇವರ ನಿಲುವು.

ಮೇಲುನೋಟಕ್ಕೆ ಇದು ಜೀವಕ್ಕೂ ಜೀವನೋಪಾಯಕ್ಕೂ ನಡುವಿನ ಜಗಳವೆಂಬಂತೆ ತೋರುತ್ತದೆ. ಸ್ವಲ್ಪ ಆಳವಾಗಿ ನೋಡಿದರೆ ಅವೆರಡೂ ಬೇರೆ ಬೇರೆಯಲ್ಲವೆಂಬುದು ತಿಳಿಯುತ್ತದೆ. ಊಟವಿಲ್ಲದವನು ಮನೆಯೊಳಗೆ ಉಳಿಯಲಾರ. ರೋಗ ಹೆಚ್ಚಿದ ಪೇಟೆಗೆ ಗಿರಾಕಿ ಬರಲಾರ. ಆದುದರಿಂದ ನಿರ್ಬಂಧವನ್ನು ವಿಧಿಸುವ ಸರ್ಕಾರವು ಅದರ ಹೊರೆಯನ್ನು ಹೊರುವವರಿಗೆ ನೆರವಾಗಲೇಬೇಕು. ೨೦೨೦ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ೧,೬೧೦ ಕೋಟಿ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿ, ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ ೨೫,೦೦೦ ರೂಪಾಯಿಗಳನ್ನೂ, ಅಗಸರಿಗೆ, ಕ್ಷೌರಿಕರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ ೫,೦೦೦ ರೂಪಾಯಿಗಳನ್ನೂ ನೀಡುವುದಾಗಿ ತಿಳಿಸಿತು. ಈ ಹಣ ಸಾಕೇ, ಎಲ್ಲರಿಗೂ ತಲುಪೀತೇ ಎಂಬ ವಿಷಯದಲ್ಲಿ ವಾದಗಳಿದ್ದವು. ಆದರೆ ಮನೆಯಲ್ಲಿರಿ ಎಂದು ಹೇಳುವವರು ಮನೆ ನಡೆಯುವ ಬಗೆಯನ್ನೂ ಯೋಚಿಸಬೇಕೆಂಬ ತತ್ತ್ವ ಅದರಲ್ಲಿ ಅಡಗಿತ್ತು.

ವಿದ್ಯಾರ್ಥಿಗಳ ಪಾಲಿಗೆ ಈ ವಾದವಿವಾದವು ಪರೀಕ್ಷೆಯ ರೂಪದಲ್ಲಿ ಬಂದಿತು. ೨೦೨೦ರ ಮಾರ್ಚ್ ಕೊನೆಯಲ್ಲಿ ಆರಂಭವಾಗಬೇಕಾಗಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಮುಂದಕ್ಕೆ ಹೋಯಿತು. ಜೂನ್ ತಿಂಗಳಲ್ಲಿ ನೆರೆಯ ತೆಲಂಗಾಣ ಮತ್ತು ತಮಿಳುನಾಡು ರಾಜ್ಯಗಳು ಹತ್ತನೆಯ ತರಗತಿಯ ಪರೀಕ್ಷೆಯನ್ನು ಕೈಬಿಟ್ಟವು. ಕರ್ನಾಟಕವು ನಡೆಸಲು ನಿರ್ಧರಿಸಿತು. ಮಕ್ಕಳನ್ನು ಅಪಾಯಕ್ಕೆ ಒಡ್ಡುವುದು ತರವೇ ಎಂದು ಅನೇಕ ತಂದೆತಾಯಿಗಳು ಕೇಳಿದರು. ವರ್ಷವಿಡೀ ಓದಿದ ಮಕ್ಕಳ ಶ್ರಮ ವ್ಯರ್ಥವಾಗಬೇಕೇ ಎಂದು ಮತ್ತೆ ಕೆಲವರು ಕೇಳಿದರು. ಕೊನೆಗೆ ಜೂನ್ ೨೫ರಂದು ಮುಖಗವಸು ಧರಿಸಿದ ಎಂಟು ಲಕ್ಷದಷ್ಟು ವಿದ್ಯಾರ್ಥಿಗಳಿಗೆ, ಬೆಂಚುಗಳ ನಡುವೆ ಅಂತರವನ್ನಿಟ್ಟು, ಬಾಗಿಲಿನಲ್ಲಿ ದೇಹದ ಉಷ್ಣತೆಯನ್ನು ಅಳೆದು, ಪರೀಕ್ಷೆ ಆರಂಭವಾಯಿತು. ಮರುವರ್ಷ, ಅಂದರೆ ೨೦೨೧ರ ಜುಲೈನಲ್ಲಿ, ಅದೇ ಪರೀಕ್ಷೆಯನ್ನು ಎರಡೇ ದಿನಗಳಿಗೆ ಇಳಿಸಿ, ಸರಿಯುತ್ತರವನ್ನು ಆರಿಸುವ ಪ್ರಶ್ನೆಗಳ ಮೂಲಕ ನಡೆಸಲಾಯಿತು. ‘ಪೂರ್ತಿ ಮುಚ್ಚುವುದು’, ‘ಪೂರ್ತಿ ತೆರೆಯುವುದು’ ಎಂಬ ಎರಡು ದಾರಿಗಳ ನಡುವೆ ಹಲವು ಕಾಲುದಾರಿಗಳೂ ಉಂಟೆಂಬುದಕ್ಕೆ ಇದು ನಿದರ್ಶನ.

ನಿರ್ಬಂಧಗಳು ಸಡಿಲವಾದಾಗ ಎಚ್ಚರವೂ ಸಡಿಲವಾದರೆ ಏನಾಗುತ್ತದೆಂಬುದನ್ನು ೨೦೨೧ನೆಯ ವರ್ಷವು ಕಠೋರವಾಗಿ ತಿಳಿಸಿತು. ಆ ವರ್ಷದ ಆರಂಭದಲ್ಲಿ ದೇಶದ ದಿನವೊಂದರ ಹೊಸ ಪ್ರಕರಣಗಳು ಹತ್ತು ಸಾವಿರದ ಆಸುಪಾಸಿಗೆ ಇಳಿದಿದ್ದವು. ರೋಗ ತೊಲಗಿತೆಂದೇ ಬಹು ಜನರು ಭಾವಿಸಿದರು. ಮದುವೆಗಳು, ಚುನಾವಣಾ ಸಭೆಗಳು, ಧಾರ್ಮಿಕ ಮೇಳಗಳು ಮೊದಲಿನಂತೆಯೇ ನಡೆದವು. ಅಷ್ಟರಲ್ಲಿ ಹೆಚ್ಚು ವೇಗವಾಗಿ ಹರಡುವ ‘ಡೆಲ್ಟಾ’ ಎಂಬ ರೂಪಾಂತರಿಯು ತಲೆಯೆತ್ತಿತು. ಮೇ ತಿಂಗಳ ಮೊದಲ ವಾರಗಳಲ್ಲಿ ಒಂದೇ ದಿನ ನಾಲ್ಕು ಲಕ್ಷಕ್ಕೂ ಮೀರಿದ ಹೊಸ ಪ್ರಕರಣಗಳು ದಾಖಲಾದವು. ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗಲಿಲ್ಲ. ಆಮ್ಲಜನಕದ ಸಿಲಿಂಡರಿಗಾಗಿ ಜನರು ಹಗಲಿರುಳು ಅಲೆದರು. ಚಿತಾಗಾರಗಳ ಮುಂದೆ ಶವವಾಹನಗಳು ಸಾಲುಗಟ್ಟಿ ನಿಂತವು. ಏಪ್ರಿಲ್ ೨೭ರಿಂದ ಕರ್ನಾಟಕದಲ್ಲಿ ಮತ್ತೆ ಬಾಗಿಲುಗಳು ಮುಚ್ಚಿದವು. ಬಾಗಿಲು ತೆರೆದುದೇ ತಪ್ಪೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಬಾಗಿಲು ತೆರೆದವರು ಕಾವಲನ್ನೂ ಕೈಬಿಟ್ಟುದು ತಪ್ಪು.

ಆ ವೇಳೆಗೆ ಮುಚ್ಚಿದ ಶಾಲೆಗಳ ಬೆಲೆಯೂ ಕಣ್ಣಿಗೆ ಬೀಳತೊಡಗಿತ್ತು. ೨೦೨೦ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಂತೆ ಉಪಾಧ್ಯಾಯರು ಹಳ್ಳಿಗಳಿಗೆ ಹೋಗಿ, ದೇವಸ್ಥಾನದ ಅಂಗಳಗಳಲ್ಲಿ, ಮರದ ನೆರಳಿನಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಉಪಾಧ್ಯಾಯರಿಗೂ ಮಕ್ಕಳಿಗೂ ಸೋಂಕು ತಗಲಿತೆಂಬ ವರದಿಗಳು ಬಂದಾಗ, ಅಕ್ಟೋಬರ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಪಟ್ಟಣದ ಕೆಲವು ಮಕ್ಕಳು ಮೊಬೈಲ್ ಫೋನಿನ ಮೂಲಕ ಕಲಿತರು. ಮನೆಗೆ ಒಂದೇ ಫೋನು, ಅದೂ ತಂದೆಯೊಡನೆ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳಿಗೆ ಈ ಅನುಕೂಲ ದೊರೆಯಲಿಲ್ಲ. ಎಷ್ಟೋ ಮಕ್ಕಳು ಕಲಿತ ಅಕ್ಷರವನ್ನೂ ಮರೆತರು. ಮಧ್ಯಾಹ್ನದ ಬಿಸಿಯೂಟ ತಪ್ಪಿತು. ಕೆಲವರು ಕೂಲಿಗೆ ಹೋದರು.

ಡಾ. ದೇವಿಪ್ರಸಾದ್ ಶೆಟ್ಟಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಸರ್ಕಾರವು ನೇಮಿಸಿದ್ದ ತಜ್ಞರ ಸಮಿತಿಯು ೨೦೨೧ರ ಜೂನ್‌ನಲ್ಲಿ ವರದಿ ಸಲ್ಲಿಸಿ, ಶಾಲೆಗಳನ್ನು ಹಂತಹಂತವಾಗಿ ತೆರೆಯುವುದೇ ಲೇಸೆಂದು ಸಲಹೆ ಮಾಡಿತು. ಅದರಂತೆ ಆಗಸ್ಟ್ ೨೩ರಂದು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ತರಗತಿಗಳು ಆರಂಭವಾದವು. ಆದರೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಅಂದು ಆ ಅನುಮತಿ ದೊರೆಯಲಿಲ್ಲ. ಪರೀಕ್ಷೆಗೊಳಪಟ್ಟ ನೂರು ಮಂದಿಯಲ್ಲಿ ಇಬ್ಬರಿಗಿಂತ ಕಡಿಮೆ ಜನರಿಗೆ ಸೋಂಕು ಕಂಡುಬಂದ ಜಿಲ್ಲೆಗಳಲ್ಲಿ ಮಾತ್ರ ಶಾಲೆಯ ಗಂಟೆ ಬಾರಿಸಿತು. ತಂದೆತಾಯಿಗಳ ಒಪ್ಪಿಗೆಯ ಪತ್ರವನ್ನು ಮಕ್ಕಳು ತರಬೇಕಾಗಿತ್ತು. ಸೆಪ್ಟೆಂಬರ್ ೬ರಿಂದ ಆರು, ಏಳು ಮತ್ತು ಎಂಟನೆಯ ತರಗತಿಗಳು, ಅಕ್ಟೋಬರ್ ೨೫ರಿಂದ ಒಂದರಿಂದ ಐದನೆಯ ತರಗತಿಗಳು ಪುನರಾರಂಭಗೊಂಡವು. ಹೊಳೆ ದಾಟುವವನು ಒಂದು ಕಾಲನ್ನು ಊರಿ ನೆಲೆಯನ್ನು ಪರೀಕ್ಷಿಸಿ, ಅನಂತರವೇ ಇನ್ನೊಂದು ಕಾಲನ್ನು ಮುಂದಿಡುವ ಕ್ರಮ ಇದು.

ಈ ಮಧ್ಯೆ ‘ವೈರಾಣುವಿನೊಡನೆ ಬಾಳುವುದು’ ಎಂಬ ಮಾತು ಎಲ್ಲೆಡೆಯಲ್ಲಿಯೂ ಕೇಳಿಬರತೊಡಗಿತು. ಸಿಡುಬನ್ನು ನಿರ್ಮೂಲ ಮಾಡಿದಂತೆ ಇದನ್ನೂ ಏಕೆ ನಿರ್ಮೂಲ ಮಾಡಬಾರದೆಂದು ಕೆಲವರು ಕೇಳಿದರು. ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ೧೯೮೦ರಲ್ಲಿ ಸಾರಿತು. ಆದರೆ ಸಿಡುಬು ಮನುಷ್ಯರನ್ನಲ್ಲದೆ ಬೇರೆ ಪ್ರಾಣಿಗಳನ್ನು ಆಶ್ರಯಿಸುತ್ತಿರಲಿಲ್ಲ. ರೋಗಿಯ ಮೈಮೇಲಿನ ಗುಳ್ಳೆಗಳಿಂದ ಅವನನ್ನು ಸುಲಭವಾಗಿ ಗುರುತಿಸಬಹುದಾಗಿತ್ತು. ಲಸಿಕೆಯ ರಕ್ಷಣೆಯೂ ದೀರ್ಘಕಾಲ ಉಳಿಯುತ್ತಿತ್ತು. ಕೊರೋನಾ ವೈರಾಣುವಾದರೋ ರೋಗಲಕ್ಷಣ ಕಾಣುವ ಮೊದಲೇ ಒಬ್ಬರಿಂದೊಬ್ಬರಿಗೆ ಹರಡುತ್ತದೆ, ಪ್ರಾಣಿಗಳಿಗೂ ತಗಲುತ್ತದೆ, ಮತ್ತೆ ಮತ್ತೆ ರೂಪವನ್ನು ಬದಲಿಸುತ್ತದೆ. ಆದುದರಿಂದ ಅದರೊಡನೆ ಬಾಳುವುದು ಅನಿವಾರ್ಯವಾಯಿತು. ಹೇಗೆ ಬಾಳಬೇಕೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಉಳಿಯಿತು.

ಆ ಭಿನ್ನಾಭಿಪ್ರಾಯ ವಿಜ್ಞಾನಿಗಳಲ್ಲಿಯೂ ಇದ್ದಿತು. ೨೦೨೦ರ ಅಕ್ಟೋಬರ್‌ನಲ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ ಮೂವರು ತಜ್ಞರು ಒಂದು ಘೋಷಣೆಯನ್ನು ಹೊರಡಿಸಿದರು. ವೃದ್ಧರನ್ನೂ ದುರ್ಬಲರನ್ನೂ ವಿಶೇಷವಾಗಿ ರಕ್ಷಿಸಿ, ಉಳಿದವರು ಎಂದಿನಂತೆ ಬಾಳಲು ಬಿಡಬೇಕೆಂಬುದು ಅದರ ಸಾರ. ಅದೇ ತಿಂಗಳಲ್ಲಿ ಬೇರೆ ಅನೇಕ ವಿಜ್ಞಾನಿಗಳು, ೧೮೫೪ರಲ್ಲಿ ಲಂಡನ್ನಿನ ಕಾಲರಾ ರೋಗದ ಮೂಲವನ್ನು ನೀರಿನ ಪಂಪಿನಲ್ಲಿ ಗುರುತಿಸಿದ ಜಾನ್ ಸ್ನೋ ಎಂಬ ವೈದ್ಯನ ಹೆಸರಿನಲ್ಲಿ ಇನ್ನೊಂದು ಮನವಿಪತ್ರವನ್ನು ಪ್ರಕಟಿಸಿದರು. ದುರ್ಬಲರನ್ನು ಸಮಾಜದಿಂದ ಬೇರ್ಪಡಿಸಿ ಕಾಪಾಡುವುದು ಕಾರ್ಯತಃ ಸಾಧ್ಯವಿಲ್ಲ ಎಂದು ಅವರು ವಾದಿಸಿದರು. ಅಜ್ಜ ಅಜ್ಜಿ, ಮಕ್ಕಳು ಮೊಮ್ಮಕ್ಕಳು ಒಂದೇ ಸೂರಿನಡಿ ಮಲಗುವ ಭಾರತದ ಮನೆಗಳನ್ನು ನೆನೆದರೆ ಈ ಮಾತಿನ ತೂಕ ಅರಿವಾಗುತ್ತದೆ.

ವಾದದ ತಕ್ಕಡಿಯನ್ನು ಬಹುಮಟ್ಟಿಗೆ ಬದಲಿಸಿದುದು ಲಸಿಕೆ. ಭಾರತದಲ್ಲಿ ೨೦೨೧ರ ಜನವರಿ ೧೬ರಂದು ಆರಂಭವಾದ ಲಸಿಕಾ ಕಾರ್ಯವು ಅಕ್ಟೋಬರ್ ೨೧ರ ವೇಳೆಗೆ ನೂರು ಕೋಟಿ ಡೋಸುಗಳನ್ನು ಮುಟ್ಟಿತು. ಲಸಿಕೆ ಪಡೆದವರಿಗೂ ಸೋಂಕು ತಗಲುವುದುಂಟು; ಆದರೆ ರೋಗ ಉಲ್ಬಣಿಸಿ ಸಾಯುವ ಸಂಭವ ಬಹಳ ಕಡಿಮೆ. ಡಿಸೆಂಬರ್‌ನಲ್ಲಿ ‘ಒಮಿಕ್ರಾನ್’ ರೂಪಾಂತರಿಯು ಭಾರತದಲ್ಲಿ ಮೊದಲು ಪತ್ತೆಯಾದುದು ಕರ್ನಾಟಕದಲ್ಲಿಯೇ. ೨೦೨೨ರ ಜನವರಿಯಲ್ಲಿ ದಿನವೊಂದಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದರೂ, ಹಿಂದಿನ ವರ್ಷದಷ್ಟು ಸಾವುಗಳು ಸಂಭವಿಸಲಿಲ್ಲ. ಬೆಂಗಳೂರಿನಲ್ಲಿ ಮತ್ತೆ ಮುಚ್ಚಿದ್ದ ಶಾಲೆಗಳು ಜನವರಿ ೩೧ರಂದು ತೆರೆದವು. ರಾತ್ರಿಯ ಕರ್ಫ್ಯೂ ಕೂಡ ಅಂದೇ ಕೊನೆಗೊಂಡಿತು. ಹಿಂದೆ ಪ್ರಕರಣಗಳ ಸಂಖ್ಯೆಯನ್ನು ನೋಡಿ ಕೈಗೊಳ್ಳುತ್ತಿದ್ದ ತೀರ್ಮಾನವನ್ನು ಈಗ ಆಸ್ಪತ್ರೆ ಸೇರಿದವರ ಸಂಖ್ಯೆಯನ್ನೂ ನೋಡಿ ಕೈಗೊಳ್ಳಲಾಯಿತು. ಪರಿಸ್ಥಿತಿ ಬದಲಾದಾಗ ಅಳತೆಗೋಲೂ ಬದಲಾಗಬೇಕಾದುದು ಸಹಜ. ವಿಪತ್ತು ನಿರ್ವಹಣಾ ಕಾಯಿದೆಯ ಮೇರೆಗೆ ಕೇಂದ್ರ ಸರ್ಕಾರವು ವಿಧಿಸಿದ್ದ ಕ್ರಮಗಳು ೨೦೨೨ರ ಮಾರ್ಚ್ ೩೧ರಂದು ಮುಕ್ತಾಯಗೊಂಡವು. ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರ ಮೇ ೫ರಂದು ಘೋಷಿಸಿತು. ರೋಗದ ಬೆದರಿಕೆಯೇ ಮುಗಿಯಿತೆಂದು ಅರ್ಥವಲ್ಲ ಎಂಬ ಎಚ್ಚರಿಕೆಯನ್ನೂ ಅದರೊಡನೆ ನೀಡಿತು.

ಇಂತಹ ವಿವಾದ ಮನುಕುಲಕ್ಕೆ ಹೊಸದೇನಲ್ಲ. ೧೯೧೮ರ ಮಹಾ ಇನ್‌ಫ್ಲುಯೆಂಜಾದ ಕಾಲದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರವು ಮುಖಗವಸನ್ನು ಕಡ್ಡಾಯ ಮಾಡಿತು. ನವೆಂಬರ್ ೨೧ರ ನಡುಹಗಲು ಸೀಟಿ ಮೊಳಗಿದೊಡನೆ ಜನರು ಮುಖಗವಸುಗಳನ್ನು ಕಿತ್ತೆಸೆದು ಸಂಭ್ರಮಿಸಿದರು. ರೋಗ ಮರುಕಳಿಸಿತು. ಮರುವರ್ಷದ ಜನವರಿಯಲ್ಲಿ ಅದೇ ಕಟ್ಟಳೆಯನ್ನು ಮತ್ತೆ ಜಾರಿಗೆ ತಂದಾಗ, ಅದನ್ನು ವಿರೋಧಿಸುವುದಕ್ಕೆಂದೇ ಒಂದು ಸಂಘ ಹುಟ್ಟಿಕೊಂಡಿತು. ಭಾರತದಲ್ಲಿ ೧೮೯೭ರ ಪ್ಲೇಗಿನ ವೇಳೆ ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಜನರ ಮಾನಮರ್ಯಾದೆಗಳನ್ನು ಲೆಕ್ಕಿಸಲಿಲ್ಲ. ಅದರಿಂದ ಕೆರಳಿದ ರೋಷಕ್ಕೆ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಬಲಿಯಾದನು. ಒಂದು ನಗರ ಅವಸರದ ಬಿಡುಗಡೆಯ ಫಲವನ್ನು ಉಂಡಿತು. ಮತ್ತೊಂದು ನಗರ ವಿಶ್ವಾಸವಿಲ್ಲದ ಬಲಾತ್ಕಾರದ ಫಲವನ್ನು ಕಂಡಿತು. ಜನರಿಗೆ ಕಾರಣವನ್ನು ತಿಳಿಸದೆ ವಿಧಿಸಿದ ನಿಯಮವು ಹಗೆಯನ್ನು ಬೆಳೆಸುತ್ತದೆ. ಕಾರಣವನ್ನು ತಿಳಿದ ಜನರು ಕಷ್ಟವನ್ನು ಸಹಿಸುತ್ತಾರೆ.

ವೈರಾಣುವಿನೊಡನೆ ಬಾಳುವುದೆಂದರೆ ಅದನ್ನು ಮರೆತು ಬಾಳುವುದೆಂದು ಅರ್ಥವಲ್ಲ. ಕ್ಷಯ, ಮಲೇರಿಯಾಗಳು ಬಹುಕಾಲದಿಂದ ಮನುಷ್ಯರ ನಡುವೆ ನೆಲೆಸಿವೆ. ಹಾಗೆಂದು ಅವು ಸೌಮ್ಯವಾದ ರೋಗಗಳೆಂದು ಯಾರೂ ಹೇಳಲಾರರು. ಕಾನೂನಿನ ನಿರ್ಬಂಧ ಸಡಿಲವಾದೊಡನೆ ಅದರ ಹೊಣೆಯು ಪೊಲೀಸರ ಕೈಯಿಂದ ಜನರ ನಡವಳಿಕೆಗೆ ಬರುತ್ತದೆ. ಜ್ವರ ಕೆಮ್ಮು ಬಂದಾಗ ಮನೆಯಲ್ಲಿರುವುದು, ಕಿಟಕಿ ತೆರೆದು ಗಾಳಿಯಾಡಿಸುವುದು, ಮುಖಗವಸು ಧರಿಸಿದವನನ್ನು ಹಾಸ್ಯ ಮಾಡದಿರುವುದು ಬಹಳ ಸಣ್ಣ ವಿಷಯಗಳು. ಆದರೆ ದುರ್ಬಲನಾದ ನೆರೆಯವನು ಧೈರ್ಯವಾಗಿ ಬೀದಿಗಿಳಿಯುವುದು ಇಂತಹ ಸಣ್ಣ ವಿಷಯಗಳನ್ನೇ ಅವಲಂಬಿಸಿದೆ. ಬಲಿಷ್ಠರು ಮಾತ್ರ ನಿರ್ಭಯವಾಗಿ ಓಡಾಡುವ ಊರನ್ನು ತೆರೆದ ಊರೆಂದು ಕರೆಯುವುದು ಹೇಗೆ?

ಪ್ಲೇಗಿನ ಗುಡಿಸಲುಗಳಿಂದ ಊರಿಗೆ ಹಿಂತಿರುಗಿದ ಜನರು ಮೊದಲಿದ್ದ ಊರಿಗೆ ಹಿಂತಿರುಗಲಿಲ್ಲ. ಕೆಲವು ಮನೆಗಳ ಬಾಗಿಲು ತೆರೆಯುವವರೇ ಇರಲಿಲ್ಲ. ಬೆಂಗಳೂರಿನಲ್ಲಿ ೧೮೯೮ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು ಅಗಲವಾದ ಬೀದಿಗಳೊಡನೆ ಬೆಳೆದವು. ನಗರವು ತನ್ನ ದುಃಖದಿಂದ ಗಾಳಿಬೆಳಕುಗಳ ಪಾಠವನ್ನು ಕಲಿತಿತ್ತು. ಬಾಗಿಲು ಮುಚ್ಚಿದ್ದ ಆ ಎರಡು ವರ್ಷಗಳ ವಾದವಿವಾದಗಳಿಂದ ಇಂದಿನ ಸಮಾಜವೂ ಇಂತಹುದೇ ಪಾಠವನ್ನು ಕಲಿತರೆ, ಮುಂದೊಮ್ಮೆ ಬಾಗಿಲು ಮುಚ್ಚಬೇಕಾಗಿ ಬಂದಾಗ, ಮುಚ್ಚುವ ಕೈಗಳಿಗೆ ಕರುಣೆಯೂ, ತೆರೆಯುವ ಕೈಗಳಿಗೆ ಎಚ್ಚರವೂ ಇದ್ದೀತು.

ಅಭ್ಯಾಸ

೧. ಪ್ಲೇಗಿನ ಕಾಲದ ಹಳ್ಳಿಯ ಜನರ ಮುಂದಿದ್ದ ಕಷ್ಟದ ಪ್ರಶ್ನೆ ಯಾವುದು?

೨. ‘ನಿರ್ಬಂಧವು ರೋಗಕ್ಕೆ ಔಷಧವಲ್ಲ’ ಎಂಬ ಮಾತನ್ನು ವಿವರಿಸಿರಿ.

೩. ಸಿಡುಬಿಗೂ ಕೊರೋನಾ ವೈರಾಣುವಿಗೂ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡಿರಿ.

೪. ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಪುಣೆ ನಗರಗಳ ಅನುಭವಗಳಿಂದ ತಿಳಿಯುವ ನೀತಿಯೇನು?

೫. ಮುಚ್ಚಿದ ಶಾಲೆಯನ್ನು ತೆರೆಯಬೇಕೆಂದು ಒಬ್ಬರೂ, ಕೂಡದೆಂದು ಇನ್ನೊಬ್ಬರೂ ವಾದಿಸುವ ಸಂಭಾಷಣೆಯೊಂದನ್ನು ಬರೆಯಿರಿ. ಇಬ್ಬರ ಮಾತಿನಲ್ಲಿಯೂ ನ್ಯಾಯವಿರಲಿ.